ಸೀರೆ ಕಪಾಟಿನಲ್ಲಿ ಇಗ್ವಾನಾ

ನನ್ನ ಗಂಡನ ತಂಗಿ ಆ ಮಧ್ಯಾಹ್ನ ಬೆಟಗೇರಿಯ ನಮ್ಮ ಮನೆಯ ಮೆಟ್ಟಿಲು ಹತ್ತಿದಾಗ ಅವಳ ಕೈಯಲ್ಲಿ ಬಟ್ಟೆಬರೆಯ ಚೀಲವಿರಲಿಲ್ಲ. ಒಂದು ರಟ್ಟಿನ ಡಬ್ಬಿಯನ್ನು ಎರಡೂ ಕೈಯಿಂದ ಎದೆಗವಚಿಕೊಂಡಿದ್ದಳು. ಡಬ್ಬಿಯ ಸುತ್ತ ತೂತುಗಳಿದ್ದವು, ಮೇಲೆ ಸೀರೆಯ ಅಂಚಿನ ತುಂಡೊಂದನ್ನು ಸುತ್ತಿ ಗಂಟು ಹಾಕಿತ್ತು. ಲಕ್ಷ್ಮೇಶ್ವರದ ಗಂಡನ ಮನೆಯಿಂದ ಅವಳು ಬಂದಾಗಲೆಲ್ಲ ಮುಂಚೆ ಫೋನು ಬರುತ್ತಿತ್ತು. ಆ ದಿನ ಬಂದಿರಲಿಲ್ಲ.

ನಾನು ಬಟ್ಟೆ ಅಂಗಡಿಯವರ ಸೊಸೆ. ಸೀರೆ ಬಣ್ಣ ಬಿಡುತ್ತದೋ ಇಲ್ಲವೋ ಎಂದು ಸೆರಗಿನ ಮೂಲೆಯನ್ನು ಒದ್ದೆ ಮಾಡಿ ತಿಕ್ಕಿ ನೋಡುವುದು ಇಪ್ಪತ್ತು ವರ್ಷದ ರೂಢಿ. ಮನುಷ್ಯರನ್ನೂ ಹಾಗೇ ನೋಡುತ್ತೇನೆಂದು ನನ್ನ ಗಂಡ ಹೇಳುತ್ತಾರೆ. ಹೇಳಿದರೆ ಹೇಳಲಿ. ಅವಳು ಚಪ್ಪಲಿ ಬಿಡುವಾಗಲೇ ನಾನು ಅವಳ ಕೊರಳು, ಕೈಬಳೆ, ಕಾಲುಂಗುರ ಎಲ್ಲ ನೋಡಿ ಮುಗಿಸಿದ್ದೆ. ಎಲ್ಲವೂ ಇದ್ದವು.

ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತಿದರು.

"ಒಬ್ಬಾಕಿನ ಬಂದೀಯಲ್ಲ. ಅಳ್ಯಾರ ಎಲ್ಲಿ?"

"ಅವರಿಗೆ ಕೆಲಸ ಐತಬೇ."

"ಡಬ್ಬ್ಯಾಗ ಏನೈತಿ?"

"ತೋರಸ್ತೀನಿ. ವೈನಿ, ಒಂದು ಬಕೀಟದಾಗ ಉಗುರು ಬೆಚ್ಚನ ನೀರ ಕೊಡ್ರಿ."

ಕುಡಿಯಲು ನೀರು ಕೇಳದೆ ಬಕೆಟ್ಟಿನಲ್ಲಿ ನೀರು ಕೇಳಿದವಳನ್ನು ನಾನು ಮೊದಲ ಸಲ ನೋಡಿದ್ದು. ಕೊಟ್ಟೆ. ಅವಳು ಬಚ್ಚಲಮನೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಗಂಟು ಬಿಚ್ಚಿದಳು. ಒಳಗಿನಿಂದ ಹಸಿರು ತಲೆಯೊಂದು ಎದ್ದು, ಒಂದೇ ಕಣ್ಣಿನಿಂದ ನನ್ನನ್ನು ನೋಡಿತು. ಗದ್ದದ ಕೆಳಗೆ ಜೋಲು ಚರ್ಮ, ಬೆನ್ನುದ್ದಕ್ಕೂ ಬಾಚಣಿಕೆಯ ಹಲ್ಲಿನಂಥ ಮುಳ್ಳು, ದೇಹಕ್ಕಿಂತ ಉದ್ದನೆಯ ಬಾಲ. ಬೆನ್ನ ಮೇಲೆ, ಸೊಂಟದ ಹತ್ತಿರ, ಕಂದು ಬಣ್ಣದ ಒಂದು ಕಲೆ ಇತ್ತು. ಅದು ಹುಟ್ಟಿನಿಂದ ಬಂದದ್ದಲ್ಲ, ಸುಟ್ಟ ಕಲೆ ಎಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ಇಸ್ತ್ರಿ ಪೆಟ್ಟಿಗೆಯ ಮನೆಯಲ್ಲಿ ಬಾಳುವವರಿಗೆ ಸುಟ್ಟ ಕಲೆಯ ಗುರುತು ಸಿಗುತ್ತದೆ.

ಅತ್ತೆ ಬಾಗಿಲಲ್ಲಿ ಬಂದು ನಿಂತವರು ಸೆರಗನ್ನು ಬಾಯಿಗೆ ಹಿಡಿದರು.

"ಉಡ ತಂದಾಳಲ್ಲಾ ಮನಿಗೆ."

"ಉಡ ಅಲ್ಲವ್ವ. ಇಗ್ವಾನಾ ಅಂತಾರ ಇದಕ್ಕ. ಬ್ಯಾರೆ ದೇಶದ್ದು. ಬರೇ ಸೊಪ್ಪು ತಿಂತೈತಿ."

"ಹೆಸರು ಬ್ಯಾರೆ ಇಟ್ರ ಜಾತಿ ಬ್ಯಾರೆ ಆಗ್ತೈತೇನು?"

ಉಡ ಹೊಕ್ಕ ಮನೆ ಉಳಿಯುವುದಿಲ್ಲ ಎಂಬುದು ಅತ್ತೆ ತವರಿನಿಂದ ತಂದ ನಂಬಿಕೆ. ಅವರ ಸೋದರತ್ತೆಯ ಮನೆಯ ಅಟ್ಟದ ಮೇಲೆ ಒಮ್ಮೆ ಉಡ ಕಾಣಿಸಿ, ಮನೆಯವರೆಲ್ಲ ಬೀಗ ಹಾಕಿ ದನದ ಕೊಟ್ಟಿಗೆಯಲ್ಲಿ ವಾಸ ಮಾಡಿದ್ದರಂತೆ. ಆ ಕತೆಯನ್ನು ಅಂದು ಸಂಜೆಯೊಳಗೆ ಎರಡು ಸಲ ಹೇಳಿದರು. ನನಗೆ ಉಡದ ಚಿಂತೆಗಿಂತ ಬೇರೆ ಚಿಂತೆ ಇತ್ತು. ಒಂದು ಪ್ರಾಣಿಯನ್ನು ಹೊತ್ತುಕೊಂಡು, ಉಟ್ಟ ಸೀರೆಯಲ್ಲೇ ಬಂದವಳು ಎಷ್ಟು ದಿನಕ್ಕೆಂದು ಬಂದಿದ್ದಾಳೆ? ಕೇಳಿದರೆ "ನೋಡೂಣು ವೈನಿ" ಎನ್ನುತ್ತಿದ್ದಳು. ನೋಡೋಣ ಎನ್ನುವ ಮಾತಿನಲ್ಲಿ ನಾಲ್ಕು ದಿನವೂ ಇರುತ್ತದೆ, ನಾಲ್ಕು ವರ್ಷವೂ ಇರುತ್ತದೆ.

ಮರುದಿನ ಊಟಕ್ಕೆ ಕುಳಿತಾಗ ಅವಳು ಅಣ್ಣನನ್ನು ಕೇಳಿದಳು.

"ಅಣ್ಣ, ಅಂಗಡ್ಯಾಗಿನ ಹಳೇ ಗಾಜಿನ ಕಪಾಟು ಇನ್ನೂ ಗೋಡೌನ್‌ನ್ಯಾಗ ಐತೇನು?"

"ಐತಿ. ಯಾಕ?"

"ನನಗ ಬೇಕು. ಇದಕ್ಕೊಂದು ಮನಿ ಮಾಡಬೇಕು."

ಆ ಕಪಾಟು ನನ್ನ ಮಾವನವರ ಕಾಲದ್ದು. ಸಾಗವಾನಿಯದು, ಆಳೆತ್ತರಕ್ಕಿಂತ ಹೆಚ್ಚು ಎತ್ತರ, ಎರಡು ಗಾಜಿನ ಬಾಗಿಲು. ಇಳಕಲ್ ಸೀರೆಗಳನ್ನು ಮಡಿಕೆ ಮಾಡಿ ಅದರಲ್ಲೇ ಜೋಡಿಸಿಡುತ್ತಿದ್ದರು. ಅಂಗಡಿಗೆ ಹೊಸ ಶೋಕೇಸು ಬಂದ ಮೇಲೆ ಮೂಲೆ ಸೇರಿತ್ತು. ನನ್ನ ಗಂಡ ತಂಗಿಗೆ ಯಾವತ್ತೂ ಇಲ್ಲ ಎಂದವರಲ್ಲ. "ಆತು, ತರಸ್ತೀನಿ" ಎಂದರು. ನಾನು ರೊಟ್ಟಿ ಬಡಿಸುತ್ತ ಸುಮ್ಮನೆ ಲೆಕ್ಕ ಹಾಕಿದೆ. ನಾಲ್ಕು ದಿನ ಇರುವವರು ಬುಟ್ಟಿ ಕೇಳುತ್ತಾರೆ. ಕಪಾಟು ಕೇಳುವವರು ನಾಲ್ಕು ದಿನಕ್ಕೆ ಬಂದವರಲ್ಲ.

ಇಡುವುದೆಲ್ಲಿ ಎಂಬ ಮಾತು ಬಂದಾಗ ಅವಳು ನನ್ನ ಹೊಲಿಗೆಯ ಕೋಣೆಯನ್ನೇ ತೋರಿಸಿದಳು. ಪೂರ್ವಕ್ಕೆ ಕಿಟಕಿ, ಬೆಳಗಿನ ಬಿಸಿಲು, ಜನರ ಓಡಾಟ ಕಡಿಮೆ, ಅಡುಗೆಮನೆಯ ಹೊಗೆ ಬರುವುದಿಲ್ಲ ಎಂದಳು. ಅಂಗಡಿಯ ಸೀರೆಗಳಿಗೆ ಫಾಲ್ ಹಚ್ಚುವ, ಪಿಕೋ ಮಾಡುವ ನನ್ನ ಮಶೀನು ಅಲ್ಲಿಯೇ ಇತ್ತು. ಅದನ್ನು ಗೋಡೆಗೆ ಸರಿಸಬೇಕಾಯಿತು. ಇಂದು ಮಶೀನು ಸರಿಯಿತು, ನಾಳೆ ಯಾರು ಸರಿಯಬೇಕೋ ಎಂದು ಗಂಡನ ಮುಂದೆ ಅಂದೆ. ಅವರು ಪೇಪರಿನ ಪುಟ ತಿರುವಿದರು.

ಕಪಾಟು ಬಂದ ದಿನವೇ ಅವಳು ಅದರೊಳಗೆ ತಲೆ ಹಾಕಿ ಮೂಸಿ ನೋಡಿದಳು. ಮುಖ ಸಿಂಡರಿಸಿದಳು.

"ಡಾಂಬರ ಗುಳಗಿ ವಾಸನಿ ಐತಿ. ಇದರಾಗ ಈಗ ಇಡಾಕ ಬರೂದಿಲ್ಲ. ಉಸಿರಿನ್ಯಾಗ ಹೋದ್ರ ಸತ್ತ ಹೋಗ್ತೈತಿ."

ವರ್ಷಗಟ್ಟಲೆ ಸೀರೆಗೆ ಹುಳ ಹಿಡಿಯದಂತೆ ಇಟ್ಟ ಗುಳಿಗೆಗಳ ವಾಸನೆ ಕಟ್ಟಿಗೆಯೊಳಗೆ ಇಳಿದಿತ್ತು. ಹಲಗೆಗಳನ್ನೆಲ್ಲ ಕಳಚಿ, ಬಿಸಿನೀರಿನಿಂದ ತೊಳೆದು, ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದಳು. ವಾಸನೆ ಹೋಗುವವರೆಗೂ ಹಾಗೇ ಇರಬೇಕೆಂದಳು. ಅಲ್ಲಿಯವರೆಗೆ ಪ್ರಾಣಿ ಬಚ್ಚಲಲ್ಲಿ, ನಾವು ಸ್ನಾನಕ್ಕೆ ಹೋಗುವಾಗ ಅದು ಡಬ್ಬಿಯಲ್ಲಿ. ದಿನ ದೂಡಲು ಒಳ್ಳೆಯ ನೆಪ ಸಿಕ್ಕಿತು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಆದರೆ ಅವಳಿಗೆ ಕಾಣದ ಹಾಗೆ ಮಾಳಿಗೆಗೆ ಹೋಗಿ ನಾನೂ ಹಲಗೆ ಮೂಸಿದೆ. ವಾಸನೆ ಖರೆ ಇತ್ತು.

ಆಮೇಲೆ ಕೆಲಸ ಶುರುವಾಯಿತು. ಬಡಿಗನನ್ನು ಕರೆಸಿ ಕಪಾಟಿನ ಒಂದು ಪಕ್ಕದ ಹಲಗೆಯನ್ನೂ, ಮೇಲಿನ ಹಲಗೆಯನ್ನೂ ತೆಗೆಸಿ ಪ್ಲಾಸ್ಟಿಕ್ ಹೊದಿಸಿದ ಜಾಳಿಗೆ ಬಡಿಸಿದಳು. ಗಾಳಿ ಆಡಬೇಕು, ಆದರೆ ಇದಕ್ಕೆ ಬೇಕಾದ ತೇವ ಪೂರ್ತಿ ಆರಬಾರದು, ಅದಕ್ಕೆ ಉಳಿದ ಕಡೆ ಕಟ್ಟಿಗೆಯೂ ಗಾಜೂ ಇರಲಿ ಎಂದಳು. ಒಳಗಿನ ಅಡ್ಡಹಲಗೆ ಎಲ್ಲ ಹೋದವು. ಇದು ಗಿಡ ಹತ್ತುವ ಪ್ರಾಣಿ, ಅಗಲಕ್ಕಿಂತ ಎತ್ತರ ಮುಖ್ಯವಂತೆ. ಹಿತ್ತಲಿನ ಪೇರಲ ಗಿಡದ ದಪ್ಪನೆಯ ಕೊಂಬೆಯೊಂದನ್ನು ಕಡಿದು ಓರೆಯಾಗಿ ನಿಲ್ಲಿಸಿದಳು. ಕೊಂಬೆಯ ಮೇಲ್ತುದಿಗೆ ಸರಿಯಾಗಿ, ಜಾಳಿಗೆಯ ಹೊರಗೆ, ಕಾವು ಕೊಡುವ ಬಲ್ಬು ಬಂತು. ಅದರ ಪಕ್ಕದಲ್ಲಿ ಬಿಸಿಲಿನ ಬದಲಿಗೆ ಬೇಕಾದ ಒಂದು ಬೇರೆ ಟ್ಯೂಬು. ಗಾಜಿನ ಮೂಲಕ ಬರುವ ಬಿಸಿಲಿನಲ್ಲಿ ಇದರ ಎಲುಬಿಗೆ ಬೇಕಾದದ್ದು ಇರುವುದಿಲ್ಲ, ಎಲುಬು ಮೆತ್ತಗಾಗಿ ಕಾಲು ಸೊಟ್ಟಗಾಗುತ್ತವೆ ಎಂದಳು. ಕೆಳಗೆ ನೆರಳಿನಲ್ಲಿ ಮೈ ಮುಳುಗುವಷ್ಟು ಅಗಲದ ನೀರಿನ ಟಬ್ಬು. ನೆಲಕ್ಕೆ ಮರಳು ಬೇಡ, ನುಂಗಿಬಿಡುತ್ತದೆ ಎಂದು ಹಳೆಯ ಪೇಪರು ಹಾಸಿದಳು. ಮೇಲೆ ಕಾವು, ಕೆಳಗೆ ತಂಪು. ಎಲ್ಲಿರಬೇಕೆಂದು ಅದು ತಾನೇ ಆರಿಸಿಕೊಳ್ಳಲಿ ಎಂಬುದು ಅವಳ ವಿಚಾರ.

"ಬಲ್ಬ್ ಹೊರಗ್ಯಾಕ?" ಎಂದು ಕೇಳಿದೆ.

"ಒಳಗಿದ್ರ ಅದರ ಮ್ಯಾಲೇ ಹೋಗಿ ಕುಂಡರತೈತಿ ವೈನಿ. ಸುಡೂದು ಅದಕ್ಕ ಜಲ್ದಿ ತಿಳಿಯೂದಿಲ್ಲ."

ಬೆನ್ನ ಮೇಲಿನ ಕಲೆಯ ನೆನಪಾಯಿತು. "ಹಂಗಾದ್ರ ಆ ಕಲೆ?"

"ಲಕ್ಷ್ಮೇಶ್ವರದಾಗ ಬಲ್ಬ್ ಒಳಗಿತ್ತು," ಎಂದಳು.

ನನಗೆ ಅಷ್ಟು ಸಾಕಾಯಿತು. ಪ್ರಾಣಿಗೆ ಸುಟ್ಟ ಗಾಯವಾದ ಮನೆಯಿಂದ ಹೆಂಗಸೊಬ್ಬಳು ಉಟ್ಟ ಸೀರೆಯಲ್ಲಿ ಬಂದಿದ್ದಾಳೆ. ಮರುದಿನ ಅವಳನ್ನು ಕೋಣೆಗೆ ಕರೆದೆ. ನಿನಗೆ ಹಾಕಿಕೊಳ್ಳಲು ಕುಪ್ಪಸಗಳಿಲ್ಲ, ಅಳತೆ ಕೊಡು, ಎರಡು ಹೊಲಿಯುತ್ತೇನೆ ಎಂದೆ. ಟೇಪು ಹಿಡಿದು ತೋಳು, ಹೆಗಲು, ಬೆನ್ನು, ಕೊರಳ ಹಿಂದೆ ಎಲ್ಲ ಅಳೆದೆ. ಅಳತೆಗೆ ಬೇಡವಾದ ಕಡೆಯೂ ಕಣ್ಣಾಡಿಸಿದೆ. ಅವಳು ಕೈ ಎತ್ತಿ ನಿಂತವಳು ನಿಂತೇ ಇದ್ದಳು. ಟೇಪು ಸುತ್ತಿಡುವಾಗ ಮೆಲ್ಲಗೆ ಹೇಳಿದಳು:

"ಏನೂ ಇಲ್ಲ ವೈನಿ. ಅವರು ನನ್ನ ಮ್ಯಾಲೆ ಕೈ ಮಾಡಿಲ್ಲ. ನೋಡಿದ್ದು ಆತಲ್ಲ?"

ನಾನು ಸೀಮೆಸುಣ್ಣದಿಂದ ಬಟ್ಟೆಯ ಮೇಲೆ ಗೆರೆ ಎಳೆಯತೊಡಗಿದೆ. ಕುಪ್ಪಸ ಎರಡೂ ಹೊಲಿದುಕೊಟ್ಟೆ.

ಪ್ರಾಣಿಯನ್ನು ಕಪಾಟಿಗೆ ಬಿಟ್ಟ ದಿನ ಅದು ಕೊಂಬೆ ಹತ್ತಲಿಲ್ಲ. ಮೂಲೆಯಲ್ಲಿ ಮುದುರಿ ಕುಳಿತು ಬಣ್ಣ ಕಪ್ಪಗೆ ಮಾಡಿಕೊಂಡಿತು. ಮೇಲಿನಿಂದ ಕೈ ಬಂದರೆ ಹದ್ದು ಬಂತೆಂದು ಹೆದರುತ್ತದೆ, ಬಾಗಿಲ ಕಡೆಯಿಂದಲೇ ಕೈ ಹಾಕಬೇಕು ಎಂದಳು. ಮುಂದೆಲ್ಲ ಬಯಲಾಗಿದ್ದರೆ ಅದಕ್ಕೆ ನೆಮ್ಮದಿ ಇಲ್ಲವೆಂದು ಒಂದು ಬಾಗಿಲ ಗಾಜಿಗೆ ಹಸಿರು ಬಟ್ಟೆ ಕಟ್ಟಲು ಕೇಳಿದಳು. ಅಂಗಡಿಯಲ್ಲಿ ಉಳಿದಿದ್ದ ಲೈನಿಂಗ್ ಬಟ್ಟೆ ಕೊಟ್ಟೆ. ಜಾಳಿಗೆಯ ತುದಿಗಳು ಮೂತಿಗೆ ತಾಗಿ ಗೀರು ಬಿದ್ದಾಗ, ಫಾಲಿನ ಪಟ್ಟಿಗಳನ್ನು ಮಡಚಿ ಅಂಚುದ್ದಕ್ಕೂ ಕೈಹೊಲಿಗೆ ಹಾಕಿದವಳು ನಾನೇ. ಆ ಪ್ರಾಣಿಗಾಗಿ ಹಾಕಿದ್ದಲ್ಲ. ಸೀರೆಗೆ ರಕ್ತ ತಾಗೀತೆಂಬ ಭಯ.

ಅತ್ತೆ ಆ ಕೋಣೆಯ ಹೊಸ್ತಿಲು ದಾಟುತ್ತಿರಲಿಲ್ಲ. ಆದರೂ ಎಲ್ಲ ಅವರಿಗೆ ಗೊತ್ತಾಗುತ್ತಿತ್ತು. ಒಂದು ದಿನ ನನ್ನನ್ನು ಪಡಸಾಲೆಗೆ ಕರೆದು ದನಿ ತಗ್ಗಿಸಿದರು.

"ಗಾಜಿನ ಮ್ಯಾಲೆ ಬೆಳ್ಳನ ಪುಡಿ ಬಿದ್ದೈತಿ. ನೋಡಿದಿ?"

ನೋಡಿದ್ದೆ. ಯಾವ ಔಷಧವೋ, ಯಾರಿಗೆ ಹಾಕುವುದೋ ಎಂದು ನಾನೂ ಎರಡು ದಿನದಿಂದ ಯೋಚಿಸುತ್ತಿದ್ದೆ. ಮೂರನೆಯ ದಿನ ನನ್ನ ಕಣ್ಣೆದುರೇ ಪ್ರಾಣಿ ಸೀನಿತು, ಗಾಜಿಗೆ ಸಣ್ಣ ಹನಿಗಳು ಹಾರಿದವು, ಆರಿದ ಮೇಲೆ ಬಿಳಿ ಪುಡಿಯಾಯಿತು. ಮೈಯೊಳಗಿನ ಹೆಚ್ಚಿನ ಉಪ್ಪನ್ನು ಅದು ಮೂಗಿನಿಂದ ಹೊರಹಾಕುತ್ತದಂತೆ. ಅತ್ತೆಗೆ ಹೋಗಿ ಹೇಳಿದೆ. ಅವರು ನಂಬಲಿಲ್ಲ. "ನೀನೂ ಅಕಿ ಕಡೆ ಆದಿ" ಎಂದರು.

ಹಕ್ಕರಕಿಯ ವಿಷಯದಲ್ಲಂತೂ ಅವರ ಸಂಶಯ ಪೂರ್ತಿ ನಿಜವಾಗಿತ್ತು. ಚಳಿಗಾಲದ ಹಕ್ಕರಕಿ ಸೊಪ್ಪೆಂದರೆ ಅತ್ತೆಗೆ ಜೀವ. ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಪಕ್ಕದಲ್ಲಿ ಹಸಿ ಹಕ್ಕರಕಿ ಇರಬೇಕು. ಮಲ್ಲಸಮುದ್ರದ ಕಡೆಯಿಂದ ಬುಟ್ಟಿ ಹೊತ್ತು ಬರುವ ಸೊಪ್ಪಿನವಳ ಬಳಿ ದಿನಾ ಎರಡು ಸಿವುಡು ಕೊಳ್ಳುತ್ತಿದ್ದರು. ಆ ಪ್ರಾಣಿ ಪಾಲಕ ಮೂಸುತ್ತಿರಲಿಲ್ಲ, ಅವಳೂ ಕೊಡುತ್ತಿರಲಿಲ್ಲ. ದಾಸವಾಳದ ಎಲೆ, ಹೂವು, ಕುಂಬಳಕಾಯಿಯ ತುರಿ ತಿನ್ನುತ್ತಿತ್ತು. ಹಕ್ಕರಕಿ ಕಂಡರೆ ಮಾತ್ರ ಕೊಂಬೆಯಿಂದ ಇಳಿದು ಬಂದು ಬಾಗಿಲಿಗೆ ಮೂತಿ ಹಚ್ಚುತ್ತಿತ್ತು.

"ನನ್ನ ಸೊಪ್ಪ ಯಾರ ಒಯ್ದ್ರು?" ಅತ್ತೆ ಕೇಳಿದರು.

"ಒಂದ ಸಿವುಡು ಅಷ್ಟವ್ವ," ಎಂದಳು ಮಗಳು.

"ರೊಟ್ಟಿನೂ ಬಡದ ಕೊಡು. ಅದೊಂದ ಬಾಕಿ ಐತಿ."

ಮನೆಯೊಳಗಿನ ಮಾತು ಓಣಿಗೆ ಹೋಗಲು ಎಷ್ಟು ಹೊತ್ತು? ಎದುರು ಮನೆಯ ಹೆಂಗಸು ಹಪ್ಪಳ ಒಣಗಿಸುವ ನೆಪದಲ್ಲಿ ಅವರ ಮಾಳಿಗೆಯಿಂದ ನಮ್ಮ ಕಿಟಕಿಯನ್ನು ನೋಡುತ್ತಿದ್ದಳು. ಹಾಲಿನವನು ಪಾತ್ರೆ ಕೊಡುವಾಗ ಕತ್ತು ಉದ್ದ ಮಾಡುತ್ತಿದ್ದ. ಒಂದು ಬೆಳಿಗ್ಗೆ ಹಿರೇಹಂದಿಗೋಳದಿಂದ ವಯಸ್ಸಾದ ರೈತರೊಬ್ಬರು ಬಂದು ಬಾಗಿಲ ಕಟ್ಟೆಯ ಮೇಲೆ ಕುಳಿತರು. ಅಂಗಡಿಯ ಗಿರಾಕಿ ಇರಬೇಕೆಂದು ನೀರು ಕೊಟ್ಟೆ.

"ಮೊಣಕಾಲ ಭಾಳ ಹಿಡದಾವು ತಂಗಿ. ನಿಮ್ಮ ಮನ್ಯಾಗ ಉಡದ ಎಣ್ಣಿ ಸಿಗತೈತಿ ಅಂತ ಖಬರ ಬಂತು."

ಯಾರು ಹೇಳಿದರು ಎಂದು ಕೇಳಿದೆ. ಎಲ್ಲರೂ ಹೇಳುತ್ತಾರೆ ಎಂದರು. ಅದು ಉಡವಲ್ಲ, ಎಣ್ಣೆ ಇಲ್ಲ, ನಾವು ಅಂಥವರಲ್ಲ ಎಂದು ತಿಳಿಸಿ ಹೇಳಿ ಕಳಿಸಿದೆ. ಅವರು ತಲೆ ಆಡಿಸಿದರೂ ಹೋಗುವಾಗ, "ದವಾಖಾನಿ ಔಷಧ ಹತ್ತವಲ್ದು, ಅದಕ್ಕ ಕೇಳಿದೆ. ಇದ್ದಾಗ ತಿಳಸ್ರಿ," ಎಂದರು. ನಾನು ಹೇಳಿದ್ದನ್ನು ಅವರೂ ನಂಬಿರಲಿಲ್ಲ.

ಅದೇ ವಾರ ಅರಣ್ಯ ಇಲಾಖೆಯ ಜೀಪು ಓಣಿಯ ಬಾಯಿಯಲ್ಲಿ ನಿಂತಿತು. ಖಾಕಿಯ ಇಬ್ಬರು ಬಂದರು. ಒಬ್ಬರು ಹಿರಿಯರು, ಇನ್ನೊಬ್ಬರು ಅವರ ಕೈಕೆಳಗಿನವರು. ಗಂಡ ಅಂಗಡಿಯಲ್ಲಿದ್ದರು. ಎದುರು ಮಾಳಿಗೆಯ ಮೇಲೆ ಹಪ್ಪಳ ಇರಲಿಲ್ಲ, ಹೆಂಗಸು ಇದ್ದಳು.

"ನಿಮ್ಮಲ್ಲಿ ಉಡ ಕಟ್ಟಿ ಹಾಕ್ಯಾರಂತ ಫೋನ್ ಬಂದೈತ್ರಿ. ನೋಡಬೇಕು," ಎಂದರು ಹಿರಿಯರು.

ಅತ್ತೆ ದೇವರ ಕೋಣೆಗೆ ಹೋಗಿ ಕುಳಿತರು. ನಾದಿನಿ ಮಾತ್ರ ಹೆದರಲಿಲ್ಲ. ಬರ್ರಿ ಎಂದು ಅವರನ್ನು ಕೋಣೆಗೆ ಕರೆದೊಯ್ದಳು. ಕಪಾಟಿನ ಮುಂದೆ ನಿಂತು ಅವರು ಬಹಳ ಹೊತ್ತು ನೋಡಿದರು. ಆ ಹೊತ್ತಿಗಾಗಲೇ ಅದು ಕೊಂಬೆಯ ಮೇಲೆ ಕಾಲು ಇಳಿಬಿಟ್ಟು ಬಲ್ಬಿನ ಕೆಳಗೆ ಮಲಗುವುದನ್ನು ಕಲಿತಿತ್ತು. ಕೈಕೆಳಗಿನವರು ಫೋನಿನಲ್ಲಿ ಚಿತ್ರ ತೆಗೆದು ಹೋಲಿಸಿ ನೋಡಿದರು. ಕಿವಿಯ ಕೆಳಗಿನ ನಾಣ್ಯದಂಥ ದುಂಡನೆಯ ಚಿಪ್ಪನ್ನು ನಾದಿನಿ ಬೆರಳಿಟ್ಟು ತೋರಿಸಿದಳು, ಉಡಕ್ಕೆ ಇದು ಇರುವುದಿಲ್ಲ ಎಂದಳು.

"ಉಡ ಅಲ್ಲ ಖರೆ," ಎಂದರು ಹಿರಿಯರು. "ಉಡ ಆಗಿದ್ರ ನಾವು ಇಲ್ಲಿ ನಿಂತ ಮಾತಾಡತಿದ್ದಿಲ್ಲ. ಆದ್ರ ಹೊರದೇಶದ್ದು ಇಟ್ಕೊಂಡ್ರೂ ನೋಂದಣಿ ಮಾಡಸಬೇಕವ್ವ. ಮಾಡ್ಸೀರೇನು?"

"ಇಲ್ರಿ. ಮಾಡಸ್ತೀನಿ ಅಂತ ಮನಿಯವರು ಹೇಳಿದ್ರು."

"ಜಲ್ದಿ ಮಾಡಸ್ರಿ. ಮತ್ತ ಹೊರಗ ಬಿಡಬ್ಯಾಡ್ರಿ. ನಮ್ಮ ಅಡವ್ಯಾಗ ಇದು ಇರಬಾರದು." ಹೊರಡುವಾಗ ಕಪಾಟಿನ ಚಿಲಕ ಎಳೆದು ನೋಡಿ, "ಮನಿ ಚಲೋ ಮಾಡೀರಿ," ಎಂದರು.

ಫೋನು ಮಾಡಿದವರು ಯಾರೆಂದು ನಾನು ಕೇಳಿದೆ. ಅದನ್ನು ಹೇಳಲು ಬರುವುದಿಲ್ಲ ಎಂದರು.

ಆ ದಿನದಿಂದ ನಾನು ಎದುರು ಮನೆಗೆ ಹೆಪ್ಪು ಕೊಡುವುದನ್ನು ನಿಲ್ಲಿಸಿದೆ. ಹಾಲಿನವನನ್ನೂ ಬದಲಾಯಿಸಬೇಕೆಂದಿದ್ದೆ. ಒಂದೊಂದು ಸಲ ದೇವರ ಕೋಣೆಯಲ್ಲಿ ಕುಳಿತಿದ್ದ ಅತ್ತೆಯ ಮುಖ ನೆನಪಾಗಿ, ಆ ಕಡೆಗೂ ಸಂಶಯ ಹೋಗುತ್ತಿತ್ತು. ಪ್ರಾಣಿ ಹೋದರೆ ಮಗಳೂ ಹೋಗುತ್ತಾಳೆ ಎಂದು ಅವರು ಲೆಕ್ಕ ಹಾಕಿರಬಹುದಲ್ಲ. ಆದರೆ ಫೋನಿನಲ್ಲಿ ನಂಬರು ಒತ್ತಲು ಅವರಿಗೆ ಬರುತ್ತಿರಲಿಲ್ಲ. ಯಾರಿಂದಲಾದರೂ ಮಾಡಿಸಿರಬಹುದಲ್ಲ. ಹೀಗೆ ಒಂದರ ಹಿಂದೆ ಒಂದು.

ಜೀಪು ಬಂದು ಹೋದ ಮರುದಿನ, ಫಾಲ್ ಹಚ್ಚುತ್ತ ಕುಳಿತಿದ್ದಾಗ, ನಾದಿನಿ ತಾನಾಗಿಯೇ ಮಾತು ತೆಗೆದಳು. ಪ್ರಾಣಿಗೆ ನೀರು ಸಿಂಪಡಿಸುತ್ತಿದ್ದಳು, ಇಸ್ತ್ರಿಗೆ ನಾನು ಇಟ್ಟುಕೊಂಡಿದ್ದ ಸ್ಪ್ರೇ ಬಾಟಲಿಯಿಂದ.

ಪ್ರಾಣಿಯನ್ನು ತಂದವನು ಅವಳ ಗಂಡ. ಅಂಗೈಯಷ್ಟು ಮರಿ ಇದ್ದಾಗ ಹುಬ್ಬಳ್ಳಿಯಿಂದ ತಂದು, ಗೆಳೆಯರಿಗೆ ತೋರಿಸಿ, ಹೆಗಲ ಮೇಲೆ ಕೂರಿಸಿಕೊಂಡು ವಿಡಿಯೊ ಮಾಡಿ, ನಾಲ್ಕು ತಿಂಗಳಿಗೆ ಬೇಸರ ಬಂದು ಬಿಟ್ಟುಬಿಟ್ಟ. ನೋಡಿಕೊಂಡವಳು ಇವಳು. ಮೀನಿನ ಗಾಜಿನ ಡಬ್ಬಿಯಲ್ಲಿ ಅದು ತಿರುಗಲಾರದಷ್ಟು ಬೆಳೆದಾಗ ದೊಡ್ಡ ಮನೆ ಬೇಕೆಂದು ಕೇಳಿದಳು. ಬಡಿಗನಿಗೆ ಹೇಳಿದ್ದೇನೆ ಎಂದ. ಹೇಳಿರಲಿಲ್ಲ. ಬೆನ್ನು ಸುಟ್ಟಾಗ ಡಾಕ್ಟರಿಗೆ ತೋರಿಸಿ ಬಂದೆ ಎಂದ. ತೋರಿಸಿರಲಿಲ್ಲ.

"ಆಮ್ಯಾಲೆ ಒಂದಿನ ನಾ ಶಿರಹಟ್ಟಿಗೆ ಲಗ್ನಕ್ಕ ಹೋಗಿ ಬರೂದ್ರಾಗ ಅದು ಇರಲಿಲ್ಲ ವೈನಿ. ಓಡಿ ಹೋತು ಅಂದ್ರು. ನನ್ನ ಸಂಗಾಟ ಓಣಿ ತುಂಬ ಹುಡಕಿದ್ರು. ಗಟಾರದಾಗ ಬ್ಯಾಟರಿ ಬಿಟ್ಟು ಹುಡಕಿದ್ರು. ಅಳಬ್ಯಾಡ ಅಂತ ನನ್ನ ಕಣ್ಣ ಒರಸಿದ್ರು."

"ಮತ್ತ?"

"ಮುಂಡರಗಿ ಹಾದ್ಯಾಗ ಅವರ ಗೆಳೆಯನ ತ್ವಾಟ ಐತಿ. ಆ ಗೆಳೆಯನ ಹೇಣ್ತಿ ಫೋನ್ ಮಾಡಿ, ನೀವು ಕೊಟ್ಟ ಪ್ರಾಣಿ ಏನೂ ತಿನ್ನವಲ್ದು, ಏನ ಹಾಕಬೇಕು ಅಂತ ಕೇಳಿದ್ಲು."

ಅವಳು ಯಾರಿಗೂ ಹೇಳದೆ ಮುಂಡರಗಿಗೆ ಹೋಗಿದ್ದಳು. ಕೋಳಿಯ ಬುಟ್ಟಿಯ ಕೆಳಗಿದ್ದ ಪ್ರಾಣಿಯನ್ನು ಡಬ್ಬಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದಾಗ ಎರಡು ಬಸ್ಸು ನಿಂತಿದ್ದವು. ಒಂದು ಶಿರಹಟ್ಟಿ ಮೇಲೆ ಲಕ್ಷ್ಮೇಶ್ವರಕ್ಕೆ, ಇನ್ನೊಂದು ಗದಗಿಗೆ.

"ಕೊಟ್ಟದ್ದಕ್ಕ ಸಿಟ್ಟಿಲ್ಲ. ಬ್ಯಾಡ ಅಂದಿದ್ರ ನಾನೂ ಕೊಡತಿದ್ದೆ. ಆದ್ರ ಗಟಾರದಾಗ ಬ್ಯಾಟರಿ ಬಿಟ್ಟು ಹುಡಕಿದ್ರಲ್ಲ ವೈನಿ. ಅದು ನೆನಪಾತು. ಗದಗ ಬಸ್ ಹತ್ತಿದೆ."

ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ. ಕೇಳಿ ಮನಸ್ಸು ಕರಗಿತೆಂದು ಬರೆದರೆ ಸುಳ್ಳಾಗುತ್ತದೆ. ಇದು ಒಂದು ಕಡೆಯ ಮಾತು ಎಂದುಕೊಂಡೆ. ಒಂದು ಹಲ್ಲಿಯ ಸಲುವಾಗಿ ಯಾರು ಸಂಸಾರ ಬಿಡುತ್ತಾರೆ, ಇದರ ಹಿಂದೆ ಇನ್ನೇನೋ ಇದೆ ಎಂದುಕೊಂಡೆ. ಅತ್ತೆಗೆ ಹೇಳಿದಾಗ ಅವರೂ ಅದನ್ನೇ ಅಂದರು. "ಗಂಡಸರು ಹೇಳೂ ಸುಳ್ಳಿಗೆಲ್ಲ ಬಸ್ ಹತ್ತಿದ್ರ ಊರಾಗ ಹೆಂಗಸರು ಯಾರೂ ಉಳೀತಿದ್ದಿಲ್ಲ," ಎಂದು ಮಗಳಿಗೂ ಹೇಳಿ, ತಾವೇ ಮಗನಿಂದ ಫೋನು ಹಚ್ಚಿಸಿ ಅಳಿಯನಿಗೆ ಬಂದು ಕರೆದುಕೊಂಡು ಹೋಗಲು ತಿಳಿಸಿದರು.

ಅವನು ಭಾನುವಾರ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಸೇಬಿನ ಚೀಲ. ಅತ್ತೆಯ ಕಾಲಿಗೆ ಬಿದ್ದ. ನೋಡಲು ಚೆಲುವ, ಮಾತು ಮೃದು; ಅವನ ಮೇಲೆ ಸಂಶಯ ಪಡುವುದು ನನ್ನಂಥವಳಿಗೂ ಕಷ್ಟ. ಅತ್ತೆ ಹೊಸ ಚಾದರ ಹಾಸಿ ಕೂರಿಸಿದರು. ನನ್ನ ಗಂಡ ಪಕ್ಕದಲ್ಲಿ ಕುಳಿತರು. ನಾದಿನಿ ಕೋಣೆಯ ಬಾಗಿಲಲ್ಲಿ ನಿಂತಳು, ಮುಂದೆ ಬರಲಿಲ್ಲ.

"ತಪ್ಪಾಗೇತ್ರಿ ಅತ್ತಿಯವರ," ಎಂದ. "ಅಕಿಗೆ ಅದರ ಮ್ಯಾಲೆ ಎಷ್ಟ ಜೀವ ಐತಿ ಅಂತ ನನಗ ತಿಳೀಲಿಲ್ಲ. ಈಗ ಎಲ್ಲಾ ತಯಾರಿ ಮಾಡೇನಿ. ಅಕಿ ಬರ್ಲಿ, ಅದನ್ನೂ ಕರಕೊಂಡ ಹೋಗೂಣು. ಇಲ್ಲಿ ನಿಮಗೂ ಫಾರೆಸ್ಟ್‌ನವರ ಕಾಟ ತಪ್ತೈತಿ."

"ಏನ ತಯಾರಿ ಮಾಡೀರಿ?" ನಾದಿನಿ ಅಲ್ಲಿಂದಲೇ ಕೇಳಿದಳು.

ಅವನು ಫೋನು ತೆಗೆದು ಅತ್ತೆಯ ಕೈಗೆ ಕೊಟ್ಟ. ಚಿತ್ರದಲ್ಲಿ ದೊಡ್ಡದೊಂದು ಪಂಜರವಿತ್ತು. ಹೊಸ ಕಟ್ಟಿಗೆ, ಗಾಜು, ಒಳಗೆ ಬಳ್ಳಿ, ಬಲ್ಬು, ಎಲ್ಲವೂ ನಮ್ಮ ಕಪಾಟಿಗಿಂತ ಚೆನ್ನಾಗಿದ್ದವು.

"ಪಡಸಾಲ್ಯಾಗ ಇಟ್ಟೇನ್ರಿ. ನಿನ್ನೆನ ಬಡಿಗ ಮುಗಿಸಿ ಹೋದ."

ಅತ್ತೆಯ ಮುಖ ಅರಳಿತು. ಮಗಳ ಕಡೆ ನೋಡಿ, ಇನ್ನೇನು ಬೇಕು ಎಂಬಂತೆ ಫೋನು ಎತ್ತಿ ತೋರಿಸಿದರು. ಮತ್ತೆ ಹತ್ತಿರ ಹಿಡಿದು ನೋಡಿದರು. ಕನ್ನಡಕ ತರಲು ನನಗೆ ಸನ್ನೆ ಮಾಡಿದರು. ತಂದುಕೊಟ್ಟೆ. ಹಾಕಿಕೊಂಡು ಇನ್ನೊಮ್ಮೆ ನೋಡಿದರು.

"ಇದು ನಿಮ್ಮ ಪಡಸಾಲಿ ಏನ್ರಿ ಅಳ್ಯಾರ?"

"ಹೌದ್ರಿ."

"ನಿಮ್ಮ ಪಡಸಾಲ್ಯಾಗ ಶಹಾಬಾದ ಕಲ್ಲ ಐತಲ್ಲ. ಇದರಾಗ ನೆಲಕ್ಕ ಕಟ್ಟಿಗಿ ಹಾಸೈತಿ."

ಅವನು ಒಂದು ಗಳಿಗೆಯೂ ತಡೆಯಲಿಲ್ಲ. "ಅದು ಬಡಿಗನ ಮನ್ಯಾಗ ತೆಗದ ಫೋಟೊ ಇರಬೇಕ್ರಿ. ಅಂವ ಕಳಸಿದ್ದ."

"ಈಗ ಪಡಸಾಲಿ ಅಂದ್ರಿ."

"ಇಟ್ಟದ್ದು ಪಡಸಾಲ್ಯಾಗ್ರಿ. ಫೋಟೊ ಅಲ್ಲೀದು."

ನನ್ನ ಗಂಡ ಫೋನಿಗೆ ಕೈ ಚಾಚಿದರು. ಚಿತ್ರವನ್ನು ಬೆರಳಿನಿಂದ ಮೇಲೆ ಸರಿಸಿದರು. ಕೆಳಮೂಲೆಯಲ್ಲಿ ಯಾವುದೋ ಪರದೇಶದ ಅಂಗಡಿಯ ಹೆಸರು ಸಣ್ಣ ಅಕ್ಷರದಲ್ಲಿ ಇತ್ತು. ಅವರು ಅದನ್ನು ಗಟ್ಟಿಯಾಗಿ ಓದಲಿಲ್ಲ, ಬರೀ ಅತ್ತೆಗೆ ತೋರಿಸಿ ಫೋನನ್ನು ಚಾದರದ ಮೇಲಿಟ್ಟರು.

ನನಗೆ ಅವನ ಮುಖವೇ ವಿಚಿತ್ರವೆನಿಸಿತು. ಸಿಕ್ಕಿಬಿದ್ದವರ ಮುಖದಲ್ಲಿ ಇರುವ ಬೆವರು ಅಲ್ಲಿರಲಿಲ್ಲ. ಮುಂದಿನ ಮಾತು ಆಗಲೇ ತುಟಿಯ ಮೇಲೆ ತಯಾರಾಗಿತ್ತು. ಅತ್ತೆ ಅದನ್ನೇ ನೋಡುತ್ತಿದ್ದರು. ಕನ್ನಡಕ ತೆಗೆದು ಮಡಚಿದರು.

"ಮಾಡಸಿಲ್ಲ ಅಂದಿದ್ರೂ ನಡೀತಿತ್ರಿ," ಎಂದರು. "ಮುಂದ ಮಾಡಸ್ತೀನಿ ಅಂದಿದ್ರೂ ನಾ ಮಗಳನ್ನ ಕಳಸ್ತಿದ್ದೆ. ಚಾ ಕುಡೀರಿ. ಊಟಾ ಮಾಡ್ಕೊಂಡ ಹೋಗ್ರಿ. ಅಕಿ ಇಲ್ಲೇ ಇರ್ಲಿ."

ಅವನು ಚಹಾ ಕುಡಿದ, ಊಟಕ್ಕೆ ನಿಲ್ಲಲಿಲ್ಲ. ಹೋಗುವಾಗ ಹೆಂಡತಿಗೆ ಫೋನು ಮಾಡುತ್ತೇನೆ ಎಂದ. ಅವಳು ತಲೆ ಆಡಿಸಿದಳು.

ಅವನು ಬಾಗಿಲು ದಾಟಿದ ಮೇಲೆ ನನಗೊಂದು ಮಾತು ಹೊಳೆಯಿತು. ಅರಣ್ಯದವರು ಬಂದದ್ದು ಅವನಿಗೆ ಹೇಗೆ ಗೊತ್ತಾಯಿತು? ಗಂಡನನ್ನು ಕೇಳಿದೆ. ತಾವು ಹೇಳಿಲ್ಲ ಎಂದರು. ಅತ್ತೆಯೂ ಹೇಳಿಲ್ಲ ಎಂದರು. ಬೀಗರು ಬಿಜ್ಜರು ಇಷ್ಟು ಜನ ಇದ್ದಾರೆ, ಯಾರ ಬಾಯಿಂದ ಯಾರ ಕಿವಿಗೋ ಹೋಗಿರಬಹುದು ಎಂದು ಗಂಡ ಅಲ್ಲಿಗೆ ಬಿಟ್ಟರು. ನಾನು ಬಿಡಲಿಲ್ಲ. ಆದರೆ ಗಟ್ಟಿಯಾಗಿ ಹೇಳಲು ನನ್ನ ಬಳಿ ಏನೂ ಇರಲಿಲ್ಲ, ಇಂದಿಗೂ ಇಲ್ಲ. ಎದುರು ಮನೆಗೆ ಮರುದಿನ ಹೆಪ್ಪು ಕಳಿಸಿದೆ. ಅವಳು ಯಾಕೆ ಇಷ್ಟು ದಿನ ಕೊಡಲಿಲ್ಲ ಎಂದೂ ಕೇಳಲಿಲ್ಲ. ಅದೂ ನನಗೆ ಸಂಶಯದ ಮಾತೇ ಆಯಿತು.

ಮುಂದಿನದು ನಿಧಾನವಾಗಿ ನಡೆಯಿತು. ಎರಡೂ ಕಡೆಯ ಹಿರಿಯರು ಲಕ್ಷ್ಮೇಶ್ವರದಲ್ಲಿ ಒಮ್ಮೆ, ಗದಗಿನಲ್ಲಿ ಒಮ್ಮೆ ಕೂಡಿದರು. ಮೊದಲ ಸಲ ಅವನು ಹೇಳಿದ್ದು ಒಂದು, ಎರಡನೆಯ ಸಲ ಹೇಳಿದ್ದು ಇನ್ನೊಂದು. ಎರಡಕ್ಕೂ ಹಾಜರಿದ್ದವರು ತಾವೇ ಮುಖ ಮುಖ ನೋಡಿಕೊಂಡರು. ಈಗ ವಿಷಯ ಕೋರ್ಟಿನಲ್ಲಿದೆ. ನಾದಿನಿ ಅಂಗಡಿಯ ಸೀರೆಗಳ ಫೋಟೊ ತೆಗೆದು ಫೋನಿನಲ್ಲಿ ಹೊರಊರಿನ ಗಿರಾಕಿಗಳಿಗೆ ಕಳಿಸುವ ಕೆಲಸ ನೋಡುತ್ತಾಳೆ. ಬಣ್ಣ ಫೋಟೊದಲ್ಲಿ ಇರುವುದಕ್ಕಿಂತ ಸ್ವಲ್ಪ ಮಾಸಲು ಎಂದು ತಾನೇ ಬರೆದು ಕಳಿಸುತ್ತಾಳೆ. ಅದರಿಂದ ವ್ಯಾಪಾರ ಹಾಳಾಗುತ್ತದೆಂದು ಅಣ್ಣ ಮೊದಮೊದಲು ಗೊಣಗಿದರು. ಹಾಳಾಗಲಿಲ್ಲ. ಪ್ರಾಣಿಯ ನೋಂದಣಿಯೂ ಅವಳ ಹೆಸರಿನಲ್ಲಿ ಆಯಿತು. ಅದು ಈಗ ಕಪಾಟಿಗೂ ದೊಡ್ಡದಾಗಿದೆ, ಮಾಳಿಗೆಯ ಮೇಲಿನ ಸಣ್ಣ ಖೋಲಿಗೆ ಜಾಳಿಗೆ ಹೊಡೆಸುವ ಮಾತು ನಡೆದಿದೆ.

ಹೋದ ತಿಂಗಳು ಶಿಗ್ಲಿಯಲ್ಲಿ ಸಂಬಂಧಿಕರ ಮದುವೆ ಇತ್ತು. ಅತ್ತೆ, ನಾನು ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತ ದೂರದ ನೆಂಟಳೊಬ್ಬಳು ಗೋಧಿ ಹುಗ್ಗಿಗೆ ತುಪ್ಪ ಹಾಕಿಸಿಕೊಳ್ಳುತ್ತ, ಬೇಕೆಂದೇ ಜೋರಾಗಿ ಕೇಳಿದಳು.

"ಮಗಳು ಮನಿಗೆ ಹೋದಳೇನ್ರಿ?"

"ಮನ್ಯಾಗ ಅದಾಳ್ರಿ," ಎಂದರು ಅತ್ತೆ.

"ಅಲ್ರಿ, ಗಂಡನ ಮನಿ ಅಂತ ಕೇಳಿದೆ."

"ತಿಳೀತ್ರಿ."

ಆ ಹೆಂಗಸು ಇನ್ನೊಂದು ಚಮಚ ತುಪ್ಪ ಹಾಕಿಸಿಕೊಂಡಳು. ಆಮೇಲೆ ಈ ಕಡೆ ವಾಲಿ, "ಅದೇನೋ ಉಡದಂಥ ಪ್ರಾಣಿ ಸಾಕ್ಯಾಳಂತಲ್ಲ. ಕಚ್ಚೂದಿಲ್ಲೇನ್ರಿ ಅದು?" ಎಂದು ಕೇಳಿದಳು.

"ಗೊತ್ತಿಲ್ರಿ," ಎಂದು ಅತ್ತೆ ಹಪ್ಪಳ ಮುರಿದರು. "ನಾ ಇನ್ನೂ ಸನೇಕ ಹೋಗಿಲ್ಲ."